ಮರಳಹಳ್ಳದಲ್ಲಿ ಕೇಳಿದ ಕೂಗು

ಪ್ರಾರ್ಥನಾ ಕೂಟಗಳಲ್ಲಿ ಯಾರಾದರೂ ಎದ್ದು ನಿಂತು "ಕರ್ತನು ನನಗೆ ಹೀಗೆ ಹೇಳಿದನು" ಎಂದು ಸಾಕ್ಷಿ ಹೇಳತೊಡಗಿದರೆ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ನನ್ನ ಮುಖದಲ್ಲಿರುವ ಅನುಮಾನ ಅವರಿಗೆ ಕಾಣಬಾರದೆಂದು. ನಾನು ಹುಟ್ಟಿನಿಂದ ಕ್ರೈಸ್ತಳು, ಓದಿದ್ದು ನರ್ಸಿಂಗ್. ದೇವರಿದ್ದಾನೆ ಎಂಬುದರಲ್ಲಿ ನನಗೆ ಎಂದೂ ಸಂಶಯವಿರಲಿಲ್ಲ. ಆದರೆ ಆತ ಒಬ್ಬೊಬ್ಬರ ಕಿವಿಯ ಹತ್ತಿರ ಬಂದು ಇತ್ತ ಹೋಗು, ಅತ್ತ ಹೋಗು ಅನ್ನುತ್ತಾನೆ ಎಂದರೆ ನಂಬುತ್ತಿರಲಿಲ್ಲ. ಜ್ವರ ಏರಿದವರಿಗೂ ಧ್ವನಿಗಳು ಕೇಳಿಸುವುದನ್ನು ವಾರ್ಡಿನಲ್ಲಿ ನೋಡಿದ್ದೆ. ಇದನ್ನು ಓದಿದವರು ನನ್ನ ಬಗ್ಗೆಯೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ನಮ್ಮಪ್ಪ ಹರಿಯಬ್ಬೆಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಊರಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರದ ಆರಾಧನೆಗೆ ಬಸ್ಸು ಹತ್ತಿ ಹಿರಿಯೂರಿಗೆ ಹೋಗಬೇಕಿತ್ತು. ನಮ್ಮ ಬಾಡಿಗೆ ಮನೆಯ ಹಿತ್ತಲಿಗೆ ಅಂಟಿಕೊಂಡಂತೆ ಕ್ಯಾತಮ್ಮ ಎಂಬ ಕುರಿ ಕಾಯುವ ಹೆಂಗಸಿನ ರೊಪ್ಪ ಇತ್ತು. ಮುಳ್ಳುಬೇಲಿ ಕಟ್ಟಿದ ಆ ಕುರಿದೊಡ್ಡಿಯ ವಾಸನೆಯಲ್ಲೇ ನಾನು ಬೆಳೆದೆ. ಅವಳನ್ನು ಅಜ್ಜಿ ಎನ್ನುತ್ತಿದ್ದೆ. ರಜೆ ಬಂದರೆ ಅವಳ ಹಿಂದೆಯೇ ಹೊರಡುತ್ತಿದ್ದೆ. ಬಾಯಾರಿದಾಗ ಅವಳು ಹಳ್ಳದ ಮರಳಿನಲ್ಲಿ ಒರತೆ ತೋಡಿ, ನೀರು ತಿಳಿಯಾಗುವ ತನಕ ಕಾದು, ಬೊಗಸೆಯಲ್ಲಿ ಕುಡಿಸುವಳು. ಹೊತ್ತು ಇಳಿಯುತ್ತಲೂ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು "ಹೋಗಾಣ, ಏಳ್ರೇ, ಹೋಗಾಣ" ಎನ್ನುವಳು. ಜೋರು ಕೂಗಲ್ಲ. ಸ್ವಲ್ಪ ಮೂಗಿನಿಂದ ಬರುವ, ಕೊನೆಯಲ್ಲಿ ಎಳೆಯುವ ಧ್ವನಿ. ಕುರಿಗಳಿಗೂ ನನಗೂ ಅದೇ ಕೂಗು. ಮನೆಯಲ್ಲಿ ನಾನು ಬಾಯಿತಪ್ಪಿ "ಹೋಗಾಣ" ಅಂದರೆ ಅಪ್ಪ "ಹೋಗೋಣ" ಎಂದು ತಿದ್ದುತ್ತಿದ್ದರು. ಹಾಗಾಗಿ ಆ ಮಾತು ನನ್ನ ನಾಲಿಗೆಯಿಂದ ಬಹಳ ಬೇಗ ಬಿಟ್ಟುಹೋಯಿತು.

ನಾನು ಮದುವೆಯಾಗಲಿಲ್ಲ. ಚಿತ್ರದುರ್ಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ ಮೇಲೆ ಸಭೆಯವರ ಮೂಲಕ ಮಿಷನರಿ ನರ್ಸಾಗಿ ಕೀನ್ಯಾಕ್ಕೆ ಹೋದೆ. ನನ್ನನ್ನು ಹಾಕಿದ್ದು ಅಲ್ಲಿನ ಉತ್ತರದ ಒಣ ಸೀಮೆಗೆ. ಜೊತೆಗೆ ಬಂದವರು ಸೆಕೆಗೂ ದೂಳಿಗೂ ಒದ್ದಾಡಿದರು. ನನಗೆ ಮಾತ್ರ ಜಾಲಿಯಂಥ ಮುಳ್ಳುಮರಗಳನ್ನೂ, ಕೆಮ್ಮಣ್ಣನ್ನೂ, ಆಡುಕುರಿಯ ಹಿಂಡುಗಳನ್ನೂ ಕಂಡು ಹಿರಿಯೂರು ಸೀಮೆಗೇ ಬಂದಂತಾಯಿತು. ಆ ಹೋಲಿಕೆಯೇ ಕೆಲವು ದಿನ ತುಂಬಾ ಕಾಡುತ್ತಿತ್ತು. ಎಲ್ಲ ನಮ್ಮೂರಿನ ಹಾಗೇ ಇದೆ, ಕನ್ನಡ ಮಾತ್ರ ಇಲ್ಲ. ಫೋನಿಗೆ ಸಿಗ್ನಲ್ ಸಿಕ್ಕ ದಿನ ಹೊಳಲ್ಕೆರೆಯಲ್ಲಿದ್ದ ತಂಗಿಯ ಜೊತೆ ಮಾತಾಡುವುದು ಬಿಟ್ಟರೆ ನನ್ನ ಭಾಷೆ ನನ್ನ ಪ್ರಾರ್ಥನೆಯಲ್ಲಷ್ಟೇ ಉಳಿದಿತ್ತು.

ವಾರಕ್ಕೊಮ್ಮೆ ನಾನೂ ಜೋಸೆಫ್ ಅವರೂ ಔಷಧಿ ಪೆಟ್ಟಿಗೆ ಹಾಕಿಕೊಂಡು ಜೀಪಿನಲ್ಲಿ ಒಂದು ಬತ್ತಿದ ಹೊಳೆಗೆ ಹೋಗುತ್ತಿದ್ದೆವು. ಜೋಸೆಫ್ ಆ ಕಡೆಯವರೇ. ಜೀಪು ಓಡಿಸುತ್ತಿದ್ದರು, ನನ್ನ ಇಂಗ್ಲಿಷನ್ನು ಅಲ್ಲಿನವರ ಭಾಷೆಗೆ ತಿರುಗಿಸುತ್ತಿದ್ದರು. ಹೊಳೆಯ ಪಾತ್ರದಲ್ಲಿ ಹೆಂಗಸರು ಮರಳು ತೋಡಿ ನೀರು ತೆಗೆಯುತ್ತಿದ್ದರು. ಅವರೆಲ್ಲ ಸೇರುವ ಜಾಗವೆಂದು ನಾವೂ ಅಲ್ಲೇ, ದಡದ ನೆರಳು ಬೀಳುವ ಕಡೆ, ಮರಳಿನ ಮೇಲೆಯೇ ಮಕ್ಕಳ ತೂಕ ನೋಡಿ ಲಸಿಕೆ ಹಾಕುತ್ತಿದ್ದೆವು.

ಆ ದಿನ ಮಧ್ಯಾಹ್ನ ಮೂರರ ಸುಮಾರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಒಂದು ಕೂಸನ್ನು ತಕ್ಕಡಿಯಿಂದ ಇಳಿಸುತ್ತಿದ್ದೆ. ನನ್ನ ಬೆನ್ನ ಹಿಂದೆ "ಹೋಗಾಣ, ಏಳ್ರೇ" ಎಂದು ಕೇಳಿಸಿತು. ಹೆದರಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಆದದ್ದು ಸಂತೋಷ. ನಮ್ಮೂರಿಂದ ಯಾರೋ ಬಂದಿದ್ದಾರೆ ಅಂದುಕೊಂಡು ನಗುತ್ತಲೇ ತಿರುಗಿದೆ. ಮರಳು ಬಿಟ್ಟರೆ ಅಲ್ಲೇನೂ ಇರಲಿಲ್ಲ. ಕೂಸನ್ನು ತಾಯಿಗೆ ಕೊಡುವಾಗ ಮತ್ತೆ ಕೇಳಿಸಿತು, ಇನ್ನಷ್ಟು ಹತ್ತಿರದಿಂದ. ಕ್ಯಾತಮ್ಮಜ್ಜಿಯ ಧ್ವನಿ. ಅದರಲ್ಲಿ ಅನುಮಾನವೇ ಇರಲಿಲ್ಲ. ಇನ್ನು ಇಲ್ಲಿ ಕೂತರೆ ಹಿರಿಯರ ಮಾತು ಮೀರಿದಂತಾಗುತ್ತದೆ ಎನ್ನುವ ಹಾಗೆ ನನ್ನ ಕೈಗಳು ತಾವಾಗಿಯೇ ಪೆಟ್ಟಿಗೆ ಮುಚ್ಚತೊಡಗಿದವು.

"ಜೋಸೆಫ್, ದಡದ ಮೇಲಕ್ಕೆ ಹೋಗೋಣ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾಕೆ ಎಂದು ಕೇಳುತ್ತಾರೆಂದು ಒಂದು ನೆಪ ಹುಡುಕುತ್ತಿದ್ದೆ. ಅವರು ಕೇಳಲಿಲ್ಲ. ನನ್ನ ಹಿಂದೆ ಒಮ್ಮೆ ನೋಡಿ ಸುಮ್ಮನೆ ತಕ್ಕಡಿ ಬಿಚ್ಚಿದರು. ಹೆಂಗಸರು ಗೊಣಗಿದರು. ಇನ್ನೂ ಅರ್ಧ ಮಕ್ಕಳಿಗೆ ಲಸಿಕೆ ಆಗಿರಲಿಲ್ಲ. ಔಷಧಿ ಇನ್ನು ದಡದ ಮೇಲೆಯೇ ಸಿಗುವುದು ಎಂದು ಜೋಸೆಫ್ ಹೇಳಿದ ಮೇಲೆ ಮಕ್ಕಳನ್ನು ಎತ್ತಿಕೊಂಡು ಹೊರಟರು. ಎಳೆಯ ಪ್ರಾಯದ ಒಬ್ಬಳು ಮಾತ್ರ ಜಗ್ಗಲಿಲ್ಲ. ಅವಳ ಆಡುಗಳು ಇನ್ನೂ ನೀರು ಕುಡಿಯುತ್ತಿದ್ದವು. ನನಗೆ ಏನಾಯಿತೋ, ಹೋಗಿ ಅವಳ ಪಕ್ಕದಲ್ಲಿದ್ದ ಮಗುವನ್ನು ಎತ್ತಿಕೊಂಡು ದಡ ಹತ್ತತೊಡಗಿದೆ. ಅವಳು ಬೈಯುತ್ತಾ, ನನ್ನ ಸೆರಗು ಜಗ್ಗುತ್ತಾ ಹಿಂದೆಯೇ ಬಂದಳು.

ನಾವು ಮೇಲೆ ಮುಟ್ಟಿ ಆಕೆ ಮಗುವನ್ನು ಕಿತ್ತುಕೊಳ್ಳಲು ಕೈಚಾಚುವಷ್ಟರಲ್ಲಿ ಸದ್ದು ಬಂತು. ಲೋಡು ತುಂಬಿದ ಲಾರಿಗಳು ಸಾಲಾಗಿ ಬರುವಂಥ ಸದ್ದು. ತಿರುವಿನಿಂದ ಕಂದುನೀರು ಮುಳ್ಳುಕೊಂಬೆಗಳನ್ನು ಉರುಳಿಸಿಕೊಂಡು ನುಗ್ಗಿತು. ನಾವು ಕೂತಿದ್ದ ಜಾಗ, ಒರತೆಗಳು, ಆಡುಗಳು, ಎಲ್ಲ ನೋಡುತ್ತಿದ್ದಂತೆಯೇ ಹೋದವು. ಎಲ್ಲೋ ದೂರದ ಬೆಟ್ಟಗಳಲ್ಲಿ ಮಳೆ ಸುರಿದಿತ್ತಂತೆ. ಅಲ್ಲಿನವರಿಗೆ ಅಂಥ ಪ್ರವಾಹ ಹೊಸದಲ್ಲ. ಆದರೆ ಆ ತಿಂಗಳಲ್ಲಿ ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ. ಬೈಯುತ್ತಿದ್ದ ಹೆಂಗಸು ನೀರನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕೈಯಿಂದ ಮಗುವನ್ನು ಮೆಲ್ಲಗೆ ತೆಗೆದುಕೊಂಡಳು.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಜೋಸೆಫ್ ಕೇಳಿದರು, "ಸಿಸ್ಟರ್, 'ಹೋಗಾಣ' ಅಂದರೆ ಏನು?"

ನಾನು ಅವರ ಕಡೆ ತಿರುಗಿದೆ. "ಅದನ್ನು ನಾನು ಅಂದೆನಾ?"

"ಇಲ್ಲ. ನಿಮ್ಮ ಹಿಂದಿನಿಂದ ಬಂತು. ವಯಸ್ಸಾದ ಹೆಂಗಸಿನ ಧ್ವನಿ. ಬೇರೆ ಹಟ್ಟಿಯ ಅಜ್ಜಿ ಯಾರೋ ಇರಬೇಕು ಅಂತ ನೋಡಿದೆ. ಯಾರೂ ಇರಲಿಲ್ಲ."

'ಹೋಗಾಣ' ಎಂಬ ಮಾತನ್ನು ಅವರು ಅಜ್ಜಿಯ ಹಾಗೆ ಕೊನೆಯಲ್ಲಿ ಎಳೆದೇ ಹೇಳಿದ್ದರು. ಗಾಬರಿಯಲ್ಲಿ ನಾನೇ ಕೂಗಿರಬಹುದು, ಅದನ್ನೇ ಅವರು ಕೇಳಿಸಿಕೊಂಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಅಂದುಕೊಂಡರೂ, ನನಗೆ ಗಾಬರಿಯಾಗುವ ಮೊದಲೇ ಆ ಕೂಗು ಬಂದಿತ್ತಲ್ಲ ಎಂಬುದು ಉಳಿದುಬಿಡುತ್ತದೆ.

ಮಾರನೆಯ ದಿನ ಸುದ್ದಿ ಬಂತು. ಹೊಳೆಯಲ್ಲಿ ನಾವಿದ್ದ ಜಾಗಕ್ಕಿಂತ ಕೆಳಗಡೆ ಲೊಕಾಲೆ ಎಂಬ ಕುರಿಗಾಹಿ ನೀರಿನಲ್ಲಿ ಕೊಚ್ಚಿಹೋಗಿದ್ದ. ನನಗೆ ಗೊತ್ತಿದ್ದವನೇ. ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಬರುತ್ತಿದ್ದ. ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ.

ಅಲ್ಲಿನ ನಮ್ಮ ಸಭಾಪಾಲಕರು ಒಳ್ಳೆಯ ಮನುಷ್ಯ. ಎಲ್ಲ ಕೇಳಿ ಅವರ ಕಣ್ಣು ತುಂಬಿ ಬಂತು. "ಅದು ಕರ್ತನ ಧ್ವನಿ. ಭಾನುವಾರ ನೀವು ಸಾಕ್ಷಿ ಹೇಳಬೇಕು" ಎಂದರು. ಅದು ನಮ್ಮೂರಿನ ಕುರಿ ಕಾಯುವ ಅಜ್ಜಿಯ ಧ್ವನಿ, ಅವಳು ಬೈಬಲ್ ಕಂಡವಳಲ್ಲ, ಅವಳ ದೇವರು ಜುಂಜಪ್ಪ ಎಂದೆ. ಕರ್ತನು ಯಾರ ಧ್ವನಿಯಲ್ಲಿ ಬೇಕಾದರೂ ಕರೆಯಬಲ್ಲ ಎಂದರು. ಇರಬಹುದು. ಆದರೆ ಆ ಭಾನುವಾರ ಲೊಕಾಲೆಯ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನಾನು ಏಳಲಿಲ್ಲ.

ರಜೆಗೆ ಬಂದಾಗ ಮೊದಲು ಹರಿಯಬ್ಬೆಗೆ ಹೋದೆ. ಅಪ್ಪ ಅಮ್ಮ ತೀರಿಕೊಂಡು ಆ ಊರಿನಲ್ಲಿ ನಮ್ಮವರೆಂದು ಯಾರೂ ಇರಲಿಲ್ಲ. ಅಜ್ಜಿ ರೊಪ್ಪದ ಮುಂದೆ ಕೂತು ಒಂದು ಮರಿಯ ತುಪ್ಪಟದಿಂದ ಮುಳ್ಳು ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿತ್ತು. ಧ್ವನಿ ಹಾಗೇ ಇತ್ತು.

"ಯಾರು, ಮೇಷ್ಟ್ರ ಮಗಳಾ? ಬಾರವ್ವ, ಕುಂತ್ಕ. ಆ ದೇಶದಾಗೆ ನಿಂಗೆ ಹೊಟ್ಟೆಗೆ ಏನು ಹಾಕ್ತಾರೆ, ಹಿಂಗೆ ಒಣಗಿದ್ದೀಯಲ್ಲ."

ಅವಳ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೈಕೆಲಸ ಬಿಡದೆ ಕೇಳಿದಳು.

"ನಾನು ನಿನ್ನ ಕರೀಲಿಲ್ಲ ಕಣವ್ವ" ಎಂದಳು ಕೊನೆಗೆ. "ಸುಳ್ಳು ಯಾಕೆ ಹೇಳ್ಲಿ. ನಾನು ಕರೆಯಾದು ಕುರಿನ. ಹೊತ್ತು ಇಳೀತಿದ್ದಂಗೆ ದಿನಾ ಕರೀತೀನಿ."

"ಯಾವತ್ತಾದ್ರೂ ಕರೆಯುವಾಗ ನನ್ನ ನೆನಪು ಬಂದಿತ್ತಾ ಅಜ್ಜಿ?"

"ನೆನಪು ಬರ್ತಾನೇ ಇರ್ತೈತೆ. ಯಾವತ್ತು ಅಂತ ಹೆಂಗೆ ಹೇಳಾಣ?"

ನಮ್ಮ ಗಡಿಯಾರ ಕೀನ್ಯಾಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಮಧ್ಯಾಹ್ನ ಮೂರು ಎಂದರೆ ಇಲ್ಲಿ ಕುರಿಗಳನ್ನು ರೊಪ್ಪಕ್ಕೆ ತಿರುಗಿಸುವ ಹೊತ್ತು. ಇದು ನನಗೆ ಹೊಳೆದದ್ದು ಅಜ್ಜಿಯ ಪಕ್ಕ ಕೂತಿದ್ದಾಗಲೇ. ಅದರಿಂದ ಏನು ತಿಳಿಯಬೇಕೋ ಗೊತ್ತಾಗಲಿಲ್ಲ. ಅಜ್ಜಿಗೆ ಹೇಳಲೂ ಇಲ್ಲ.

"ಅವ್ರ ಆಡು ಕುರಿ ಉಳುದ್ವಾ?" ಎಂದು ಕೇಳಿದಳು.

"ಒಂದಷ್ಟು ಹೋದವು. ಕೆಳಗಡೆ ಒಬ್ಬ ಮನುಷ್ಯನೂ ಹೋದ. ಲೊಕಾಲೆ ಅಂತ. ಅವನೂ ಕುರಿ ಕಾಯೋನೇ."

ಆಗ ಅವಳ ಕೈ ನಿಂತಿತು. "ಅವನ್ನ ಯಾರೂ ಕೂಗ್ಲಿಲ್ವಾ?"

ನಾನು ಅಲ್ಲೇ ಇದ್ದವಳು, ನನಗೆ ಗೊತ್ತಿರಲೇಬೇಕು ಎನ್ನುವ ಹಾಗೆ ಮಂಜುಗಣ್ಣು ನನ್ನ ಕಡೆ ತಿರುಗಿಸಿ ಕಾದಳು. ಗೊತ್ತಿಲ್ಲ ಅಜ್ಜಿ ಅಂದೆ. ಅವಳು ಮತ್ತೆ ಮುಳ್ಳು ಬಿಡಿಸತೊಡಗಿದಳು.

ಅಜ್ಜಿ ಈಗಿಲ್ಲ. ನಾನು ಕೆಲಸ ಮುಗಿಸಿ ಬಂದು ಹೊಳಲ್ಕೆರೆಯಲ್ಲಿ ತಂಗಿಯ ಮನೆಯ ಹತ್ತಿರವೇ ಇದ್ದೇನೆ. ಅಂದು ಕರೆದವರು ಯಾರೆಂದು ಇಂದಿಗೂ ಹೇಳಲಾರೆ. ಪ್ರಾರ್ಥನೆಗೆ ಕೂತಾಗ, ದಡದ ಮೇಲೆ ಉಳಿದ ಆ ತಾಯಿ ಮಕ್ಕಳಿಗಾಗಿ ಮೊದಲು ವಂದನೆ ಹೇಳುತ್ತೇನೆ. ಆಮೇಲೆ ಲೊಕಾಲೆಯನ್ನು ಯಾರೂ ಕೂಗಲಿಲ್ಲವೇ ಎಂದು, ಅಜ್ಜಿ ನನ್ನನ್ನು ಕೇಳಿದ ಹಾಗೆಯೇ, ಕರ್ತನನ್ನು ಕೇಳುತ್ತೇನೆ.