ಮಾವ ತಿದ್ದಿದ ಮುಖ

"ನಮ್ಮ ಮನೆಯಲ್ಲಿ ಬಿ.ಎ. ಆಗುವವ ಹುಟ್ಟಲಿಕ್ಕಿಲ್ಲ. ಹುಬ್ಬು ಎತ್ತು!" ಎಂದವರು ನನ್ನ ಸೋದರಮಾವ. ಹಾಗೆನ್ನುವಾಗ ಅವರ ಹೆಬ್ಬೆರಳು ನನ್ನ ಎಡಹುಬ್ಬಿನ ಮೇಲಿತ್ತು. ದಪ್ಪ, ಒರಟು ಬೆರಳು. ವೇಷಕ್ಕೆ ಬಳಿಯುವ ಅರದಾಳದ ಹಳದಿ ಅದರ ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿತ್ತು.

ಮಾವ ಯಕ್ಷಗಾನದ ವೇಷಧಾರಿ. ಮೇಳ ತಿರುಗಾಟ ನಿಲ್ಲಿಸಿದ ತಿಂಗಳುಗಳಲ್ಲಿ ವಿಟ್ಲದ ಮನೆಯ ಚಾವಡಿಯಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಅಣ್ಣನ ಆ ಮನೆಗೇ ಬಂದಿದ್ದಳು. ಹಾಗಾಗಿ ನಾನೂ ಕುಣಿಯಲೇಬೇಕಿತ್ತು.

ಮಾವನ ಲೆಕ್ಕದಲ್ಲಿ ಅಭಿನಯ ಹೊರಗಿನ ಕೆಲಸ. ಕೋಪವೆಂದರೆ ಹುಬ್ಬು ಎಲ್ಲಿರಬೇಕು, ದುಃಖವೆಂದರೆ ತುಟಿ ಎಷ್ಟು ಇಳಿಯಬೇಕು ಎಂದು ಮಣ್ಣಿನ ಬೊಂಬೆಯನ್ನು ತಿದ್ದುವ ಹಾಗೆ ನಮ್ಮ ಮುಖ ತಿದ್ದುತ್ತಿದ್ದರು. ತಪ್ಪಿದರೆ, "ಎಂತದು ಇದು, ಕೋಪವಾ? ಬಿಸಿ ಗಂಜಿ ಬಾಯಿಗೆ ಹಾಕಿದವನ ಹಾಗೆ ಉಂಟು!" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಅವರು ಸಾಕು ಎನ್ನುವವರೆಗೆ ಮುಖ ಸಡಿಲಿಸುವಂತಿರಲಿಲ್ಲ. "ನಿನ್ನ ಒಳಗೆ ಎಂತ ಆಗ್ತದೆ ಅಂತ ನೋಡ್ಲಿಕ್ಕೆ ಜನ ಬರುವುದಿಲ್ಲ ಮಾರಾಯ" ಎನ್ನುತ್ತಿದ್ದರು.

ಮಾವನಿಗೂ ಅತ್ತೆಗೂ ಒಬ್ಬನೇ ಮಗ. ನನಗಿಂತ ಎರಡು ವರ್ಷ ದೊಡ್ಡವನು. ಓದಿನಲ್ಲಿ ನನಗಿಂತ ಚುರುಕು. ಆದರೂ ಎಂಟನೆಯ ತರಗತಿಗೇ ಶಾಲೆ ಬಿಡಿಸಿ ಕುಣಿತದ ತಾಳಕ್ಕೆ ನಿಲ್ಲಿಸಿದ್ದರು. ನನ್ನ ಓದೂ ಏಳನೆಯದಕ್ಕೇ ನಿಂತಿತ್ತು. ಹೆಜ್ಜೆಯಲ್ಲಿ ಅವನನ್ನು ಮೀರಿಸುವವರಿಲ್ಲ, ಮುಖ ಮಾತ್ರ ಬರುತ್ತಿರಲಿಲ್ಲ. ಆ ವರ್ಷ ಮೇಳಕ್ಕೆ ಸೇರಿಸುವುದೆಂದು ಮಾತಾಗಿತ್ತು. ಅಪ್ಪನ ಬಾಯಿಂದ ಒಮ್ಮೆ 'ಭಲೇ' ಎನ್ನಿಸಿಕೊಳ್ಳಬೇಕೆಂದು ಅವನು ಹಠ ಹಿಡಿದಿದ್ದ.

ಒಂದು ಮಧ್ಯಾಹ್ನ ಬಾಣ ತಾಗಿ ಬಿದ್ದ ವೀರನ ಪಾತ್ರವನ್ನು ಅವನಿಗೆ ಕಲಿಸುತ್ತಿದ್ದರು. ಅವನು ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿದ. ಹಣೆಯಲ್ಲಿ ಬೆವರು, ತುಟಿ ಬಿಳುಪೇರಿತ್ತು. ಮಾವ ತಾಳಕ್ಕೆ ಬಡಿಯುತ್ತಿದ್ದ ಕೋಲು ಬಿಸುಟು ಎದ್ದು ನಿಂತರು. "ಭಲೇ! ಈಗ ಬಂತು ನೋಡು ಮುಖ! ಹಾಗೇ ಇರ್ಲಿ, ಬಿಡಬೇಡ!"

ಅವನು ಬಿಡಲಿಲ್ಲ. ಹಾಗೇ ಇದ್ದು, ಹಾಗೇ ಪಕ್ಕಕ್ಕೆ ಉರುಳಿದ.

ಬಾಡಿಗೆ ಕಾರು ಮಾಡಿ ಮಂಗಳೂರಿನ ಆಸ್ಪತ್ರೆಗೆ ಒಯ್ದೆವು. ಅಪೆಂಡಿಕ್ಸ್ ಎನ್ನುವ ಕರುಳಿನ ಬಾಲ ಹಿಂದಿನ ದಿನವೇ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಕೊಯ್ದರೂ ಉಳಿಯಲಿಲ್ಲ. "ಇಷ್ಟು ನೋವಿರುವಾಗ ಹುಡುಗ ಏನೂ ಹೇಳಲಿಲ್ಲವಾ?" ಎಂದು ಡಾಕ್ಟರು ಕೇಳಿದರು.

"ಹೇಳಿದ ಸ್ವಾಮಿ," ಎಂದರು ಮಾವ. "ನಾನು ಭಲೇ ಅಂದೆ."

ಮಾವ ಮತ್ತೆ ಮೇಳಕ್ಕೆ ಹೋಗಲಿಲ್ಲ, ಚಾವಡಿಯಲ್ಲಿ ತಾಳ ಕೇಳಿಸಲಿಲ್ಲ. ತಿಂಗಳು ಕಳೆಯುವುದರೊಳಗೆ ನನ್ನನ್ನು ಬಸ್ಸು ಹತ್ತಿಸಿ, ತಾವೇ ಜೊತೆಗೆ ಬಂದು ಮೂಡಬಿದಿರೆಯ ಹೈಸ್ಕೂಲಿಗೆ ಸೇರಿಸಿದರು. "ಕುಣಿದದ್ದು ಸಾಕು. ಓದು" ಎಂದದ್ದು ಅಷ್ಟೆ. ಅಲ್ಲಿ ಹೋಟೆಲೊಂದರಲ್ಲಿ ಬೆಳಗಾಗುವ ಮೊದಲು ದೋಸೆಗೆ ಅರೆದು, ಸಂಜೆ ಮೇಜು ಒರೆಸಿ ಓದಿದೆ. ಮಂಗಳೂರಿನ ಕಾಲೇಜಿಗೆ ಸೇರಿದಾಗಲೂ ಅರೆಯುವ ಕಲ್ಲು ಬದಲಾಯಿತೇ ಹೊರತು ಅರೆಯುವ ಕೆಲಸ ತಪ್ಪಲಿಲ್ಲ.

ಕಾಲೇಜಿನಲ್ಲಿ ನಾಟಕ ಕಲಿಸುವ ಮೇಷ್ಟ್ರೊಬ್ಬರಿದ್ದರು. ಅವರು ಮುಖ ಮುಟ್ಟುತ್ತಿರಲಿಲ್ಲ. ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, "ನಿನ್ನ ಮನೆಯ ದುಃಖ ನೆನೆಸಿಕೋ, ಮುಖ ತಾನಾಗಿ ಬರುತ್ತದೆ" ಎನ್ನುತ್ತಿದ್ದರು. ನಾನು ಮಾವನ ಮಗನನ್ನು ನೆನೆಸಿಕೊಂಡೆ. ಕೈ ತಾನಾಗಿ ಹೊಟ್ಟೆ ಹಿಡಿಯಿತು, ಕುರ್ಚಿಯಿಂದ ಪಕ್ಕಕ್ಕೆ ವಾಲಿದೆ. "ಶಹಬ್ಬಾಸ್, ಇದೇ ಬೇಕು!" ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ರಜೆಯಲ್ಲಿ ಇದನ್ನು ಮಾವನಿಗೆ ಹೇಳಿದೆ. ಅವರು ವೀಳ್ಯದೆಲೆಯ ನಾರು ತೆಗೆಯುತ್ತಾ ಹೇಳಿದರು:

"ಎರಡೂ ಒಂದೇ ಅಳಿಯಾ. ನಾನು ಹೊರಗಿಂದ ಒತ್ತಿದೆ, ಅವರು ಒಳಗಿಂದ ಕೆದಕ್ತಾರೆ. ಎಲ್ಲಿ ನೋವು ಮಗಾ ಅಂತ ಕೇಳುವವ ಬೇಕಿತ್ತು."

"ಹಾಗಾದರೆ ನೀವೇ ಪುನಃ ಕಲಿಸಬಹುದಲ್ಲ ಮಾವ?"

"ಯಾರ ಮುಖ ನೋಡಿ ಕಲಿಸ್ಲಿ?" ಎಂದು ಎದ್ದು ಹೋದರು.

ನಮ್ಮ ಕುಟುಂಬದಲ್ಲಿ ಮೊದಲು ಬಿ.ಎ. ಆದವ ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಬೆವರು ಸುರಿಸಿ ಪಡೆದದ್ದು. ಆದರೆ ಶಾಲೆಯ ಬಾಗಿಲು ನನಗೆ ಯಾವ ದಿನ ತೆರೆಯಿತು ಎಂಬುದೂ ನನಗೆ ಗೊತ್ತಿದೆ. ಸರ್ಟಿಫಿಕೇಟು ಕೈಗೆ ಬಂದ ವಾರವೇ ವಿಟ್ಲಕ್ಕೆ ಹೋಗಿ ಮಾವನ ಕೈಯಲ್ಲಿಟ್ಟೆ. "ಇದರಲ್ಲಿ ನಿನ್ನ ಹೆಸರು ಎಲ್ಲುಂಟು?" ಎಂದು ಕೇಳಿದರು. ತೋರಿಸಿದೆ. ಆ ಸಾಲನ್ನು ತುಂಬ ಹೊತ್ತು ನೋಡಿ, ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಕೊಟ್ಟರು.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಓದಲು ಬಾರದಿದ್ದರೂ ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿದರು. ಮಡಿಕೆ ಬೀಳದಂತೆ ನನ್ನ ಕೈಗೆ ಹಿಂದೆ ಕೊಟ್ಟು ಹೇಳಿದರು:

"ಒಳ್ಳೇದಾಯ್ತು ಮಗಾ. ನೀನು ಬರ್ತಾ ಇರು. ಇದನ್ನು ಮಾತ್ರ ಇನ್ನು ಇಲ್ಲಿಗೆ ತರಬೇಡ."