ಮಾಚನ ಕಲ್ಲಿಗೆ ಅಂಗೈ ಒಡ್ಡಿದ ಸಾಬಮ್ಮ

ಕಮಲಾಪುರದಿಂದ ಬರುವ ಮೊದಲ ಬಸ್ಸಿಳಿದು ಕಲಬುರಗಿಯ ಶಹಾಬಜಾರದ ಓಣಿ ಹೊಕ್ಕ ಕೂಡಲೇ ಸಾಬಮ್ಮ ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಾರೆ. ಅವರು ಕೆಲಸ ಮಾಡುವ ಪುಟ್ಟ ವಸ್ತುಸಂಗ್ರಹಾಲಯದ ಗೇಟಿಗೆ ಹೊಂದಿಕೊಂಡೇ ಹಳೆಯ ಗುಮ್ಮಟವೊಂದಿದೆ. ಓಣಿಯ ಗಂಡಸರಿಗೆ ಅದರ ಗೋಡೆಯೇ ಮೂತ್ರಿಖಾನೆ. ಕಮಾನಿನ ಕೆಳಗೆ ನಿನ್ನೆಯ ಯಾವುದೋ ಮದುವೆಯ ಊಟದ ತಟ್ಟೆಗಳು, ಕೊಳೆತ ಹೂವಿನ ಹಾರ, ಅರ್ಧ ತಿಂದ ಜಿಲೇಬಿಗೆ ಮುತ್ತಿದ ನೊಣ. ಸಾಬಮ್ಮ ಎಲ್ಲವನ್ನೂ ಬಾಚಿ ಬುಟ್ಟಿಗೆ ತುಂಬುತ್ತಾರೆ, ಕೊಡದಲ್ಲಿ ನೀರು ತಂದು ಗೋಡೆಯ ಬುಡಕ್ಕೆ ಸುರಿಯುತ್ತಾರೆ. ಇದು ಅವರ ಕೆಲಸವಲ್ಲ. ಗುಮ್ಮಟ ಅವರ ಸಂಗ್ರಹಾಲಯಕ್ಕೆ ಸೇರಿದ್ದೂ ಅಲ್ಲ. ಮತ್ತೆ ಯಾರಿಗೆ ಸೇರಿದ್ದು ಎಂದು ಕೇಳಿಕೊಂಡು ಹೊರಟರೆ ಒಂದು ಕಚೇರಿ ಇನ್ನೊಂದರ ಕಡೆ ಬೆರಳು ತೋರಿಸುತ್ತದೆ.

“ಒಳಗ ಯಾರು ಮಲಗ್ಯಾರೋ ಯಾರಿಗ್ಗೊತ್ರೀ? ನವಾಬನೋ ಫಕೀರನೋ. ಸತ್ತವರ ತೆಲಿ ಮ್ಯಾಗ ಉಚ್ಚಿ ಹೊಯ್ಯೋ ಮಂದಿಗಿ ಏನಂತ ಹೇಳಬೇಕು? ಬಾಯಿ ಮಾಡಿದ್ರ ನನಗೇ ಹುಚ್ಚಿ ಅಂತಾರ,” ಎಂದು ಅವರು ಕಸಬರಿಗೆಯನ್ನು ನೆಲಕ್ಕೆ ಕುಟ್ಟುತ್ತಾರೆ.

ಗುಮ್ಮಟದ ಕೆಲಸ ಮುಗಿಸಿ ಸಂಗ್ರಹಾಲಯದ ಬೀಗ ತೆಗೆಯುತ್ತಾರೆ. ಅಂಗಳದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ನಿಂತಿರುವ ವೀರಗಲ್ಲುಗಳನ್ನು ಒಣ ಬಟ್ಟೆಯಿಂದ ಒಂದೊಂದಾಗಿ ಒರೆಸುತ್ತಾರೆ. ಎಡ ಮೂಲೆಯ ಕಲ್ಲಿನ ಹತ್ತಿರ ಬಂದಾಗ ಕೈ ನಿಧಾನವಾಗುತ್ತದೆ. ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ ಗಂಡಸು. ನಡುವೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಹೆಣ್ಣುಗಳು. ಎರಡು ಪಟ್ಟಿಗಳ ನಡುವೆ ಹಳಗನ್ನಡದ ಸಾಲೊಂದಿತ್ತು. ಈಗ ಆ ಜಾಗ ಹೊಸ ಮನೆಯ ನೆಲಹಾಸಿನಂತೆ ನುಣ್ಣಗಾಗಿದೆ. ಉಳಿದಿರುವುದು ‘ಮಾ’ ಎಂಬ ಒಂದೇ ಅಕ್ಷರ.

ಆ ಸಾಲನ್ನು ಅಳಿಸಿದ್ದು ಕಾಲವಲ್ಲ, ಮಳೆಯಲ್ಲ, ಯಾವ ದಂಡಿನವರೂ ಅಲ್ಲ. ಕಲ್ಲುಗಳನ್ನು ಕಾಪಾಡುತ್ತೇವೆಂದು ಹೆಸರಿಟ್ಟುಕೊಂಡು ಕೂತವರೇ ಅಳಿಸಿದರು. ಅವರ ಯಂತ್ರಕ್ಕೆ ಅಡ್ಡ ಹೋದದ್ದು ಓದು ಬರಹ ಬಾರದ ಈ ಹೆಂಗಸಿನ ಕೈ ಒಂದೇ. ಸಾಬಮ್ಮನ ಬಲ ಅಂಗೈಯಲ್ಲಿ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಆ ದಿನದ ಗಾಯದ ಗುರುತು ಇದೆ.

ಸಾಬಮ್ಮ ಹುಟ್ಟಿದ್ದು, ಬಾಳುತ್ತಿರುವುದು ಕಮಲಾಪುರದಲ್ಲಿ. ಅವರ ಕೇರಿಯ ಆಚೆ, ಕೆಂಬಾಳೆ ತೋಟದ ಬದುವಿಗೆ ಒರಗಿ ಈ ಕಲ್ಲು ನಿಂತಿತ್ತು. ಊರಿನ ಯಾವ ಗುಡಿಯವರೂ ಅದನ್ನು ತಮ್ಮದೆನ್ನಲಿಲ್ಲ. ಕೇರಿಯ ಹೆಂಗಸರು ಮಾತ್ರ ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುತ್ತಿದ್ದರು. “ಇಂವ ಕೇರಿ ಕಾಯೋನು ಅಂತಿದ್ಲು ನಮ್ಮವ್ವ. ಹೆಸರು ಗೊತ್ತಿರ್ಲಿಲ್ಲ ಆಕಿಗಿ.”

ರಸ್ತೆ ಅಗಲ ಮಾಡುವ ಕೆಲಸ ಬಂದಾಗ ಸಾಬಮ್ಮ ಖಡಿ ಜಲ್ಲಿ ಹೊರುವ ಕೂಲಿ, ಗಂಡ ಮರೆಪ್ಪ ಕಲ್ಲು ಒಡೆಯುವ ಕೂಲಿ. ಸೇತುವೆಯ ಪಾಯಕ್ಕೆ ಕಲ್ಲು ಸಾಲದೆ ಬಂತು. ಗುತ್ತಿಗೆದಾರ ಸುತ್ತ ನೋಡಿದ, ವೀರಗಲ್ಲು ಕಣ್ಣಿಗೆ ಬಿತ್ತು. ಅದನ್ನು ಒಡೆಯಲು ಮರೆಪ್ಪನಿಗೇ ಹೇಳಿದ. ಮರೆಪ್ಪ ಸುತ್ತಿಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಹೆಂಡತಿ ಬುಟ್ಟಿ ಎಸೆದು ಓಡಿ ಬಂದು ಕಲ್ಲನ್ನು ತಬ್ಬಿ ಕೂತುಬಿಟ್ಟಿದ್ದರು.

“ಗುತ್ತಿಗೆದಾರ ಒದರಾಕತ್ತ, ಏಯ್ ಎಬ್ಬಿಸೋ ನಿನ್ನ ಹೇಣ್ತಿನ್ನ ಅಂತ. ನಮ್ಮ ಮನಿಯವ್ರು ಸುತ್ತಿಗಿ ಕೆಳಗಿಟ್ಟು ಬೀಡಿ ಹಚ್ಕೊಂಡ್ರು. ‘ಆಕಿ ಮನ್ಯಾಗೇ ನನ್ನ ಮಾತು ಕೇಳಂಗಿಲ್ರೀ ಸಾಹೇಬ್ರ, ಇಲ್ಲೇನ್ ಕೇಳ್ತಾಳ’ ಅಂದ್ರು.” ಇದನ್ನು ಹೇಳುವಾಗ ಸಾಬಮ್ಮ ನಗುತ್ತಾರೆ. ಅಂದೇ ಇಬ್ಬರ ಕೆಲಸವೂ ಹೋಯಿತು. ಮರೆಪ್ಪ ಈಗಿಲ್ಲ. ಜೀವಮಾನವಿಡೀ ನುಂಗಿದ ಕಲ್ಲಿನ ಧೂಳು ಎದೆಯಲ್ಲಿ ಕೂತು ಅವರನ್ನು ಕರೆದೊಯ್ದಿತು.

ಸುದ್ದಿ ಕೇಳಿ ಕಲಬುರಗಿಯಿಂದ ಬಂದವರು ಸುಮಧ್ವ ಮಾಸ್ತರರು. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಅವರು ಶಹಾಬಜಾರದ ತಮ್ಮ ವಾಡೆಯ ಮುಂಭಾಗವನ್ನು ಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟಿದ್ದರು. ಹಳ್ಳಿಹಳ್ಳಿ ಅಲೆದು ಪಾಳುಬಿದ್ದ ಕಲ್ಲು, ತೂಕದ ಬಟ್ಟು, ಬಿದರಿ ಹುಕ್ಕ, ತಾಮ್ರಪಟ ಎಂದು ಕೂಡಿಸುತ್ತಿದ್ದರು. ಬದುವಿನ ಬಳಿ ಮಂಡಿಯೂರಿ ಕೂತು ಕಲ್ಲಿಗೆ ಸುಣ್ಣದ ಪುಡಿ ತೀಡಿ ಸಾಲನ್ನು ಓದಿದರು.

“ಸಾಬಮ್ಮ, ಇಲ್ಲಿ ಬರ್ರಿ. ಹೆಸರು ಅದ ನೋಡ್ರಿ. ಮಾಚ. ಕೇರಿಯ ಮಾಚ. ಊರ ದನ ಹೊಡ್ಕೊಂಡು ಹೊಂಟವರ ಜೋಡಿ ಬಡದಾಡಿ ಸತ್ತಾನ. ನಿಮ್ಮವನೇ ಇಂವ,” ಎಂದು ಅವರ ಬೆರಳು ಹಿಡಿದು ಅಕ್ಷರದ ಮೇಲೆ ಆಡಿಸಿದರಂತೆ.

“ನಂಬಿಕಿನೇ ಬರ್ಲಿಲ್ರೀ ನನಗ,” ಎನ್ನುತ್ತಾರೆ ಸಾಬಮ್ಮ. “ನಮ್ಮ ಮಂದಿ ಹೆಸರು ಕಲ್ಲಾಗ ಕೆತ್ತತಿದ್ರಾ? ನಮ್ಮಪ್ಪನ ಹೆಸರು ರೇಷನ್ ಕಾರ್ಡಿನ್ಯಾಗೂ ನೆಟ್ಟಗ ಬರದಿಲ್ಲ.”

ಕಲ್ಲನ್ನು ಊರಲ್ಲೇ ನಿಲ್ಲಿಸಬೇಕೆಂದು ಮಾಸ್ತರರು ಹಿರಿಯರನ್ನು ಕೇಳಿದರು. ಗುಡಿಯ ಅಂಗಳದಲ್ಲಿ ಜಾಗ ಸಿಗಲಿಲ್ಲ. ಚಾವಡಿಯ ಬಳಿಯೂ ಸಿಗಲಿಲ್ಲ. ಊರ ದನಕ್ಕಾಗಿ ಸತ್ತವನಿಗೆ ಊರೊಳಗೆ ನಿಲ್ಲಲು ಮೂರು ಮೊಳ ನೆಲವಿರಲಿಲ್ಲ! ಕೊನೆಗೆ ಟ್ರ್ಯಾಕ್ಟರ್ ಹತ್ತಿ ಮಾಚ ಕಲಬುರಗಿಗೆ ಬಂದ. ಅವನ ಹಿಂದೆಯೇ ಸಾಬಮ್ಮ ಕೆಲಸಕ್ಕೆ ಬಂದರು.

ಮಾಸ್ತರರು ತೀರಿಕೊಂಡ ಮೇಲೆ ಸಂಗ್ರಹಾಲಯ ಸಮಿತಿಯೊಂದರ ಕೈಗೆ ಹೋಯಿತು. ಸಮಿತಿಯ ಕಾರ್ಯದರ್ಶಿಗೆ ಸೇಡಂ ರಸ್ತೆಯಲ್ಲಿ ದೊಡ್ಡ ಮನೆ, ಎಲ್ಲ ಸಭೆಗಳ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಸಂಗ್ರಹಾಲಯಕ್ಕೆ ಅವರು ಬರುವುದು ಫೋಟೊ ಇರುವ ದಿನ. ಎರಡು ವರ್ಷದ ಹಿಂದೆ ಅಂಥದ್ದೊಂದು ದಿನ ಬಂತು. ದೊಡ್ಡವರೊಬ್ಬರು ಭೇಟಿ ಕೊಡುವವರಿದ್ದರು. ಕಾರ್ಯದರ್ಶಿ ಸಾಬಮ್ಮನಿಗೆ ಎರಡು ದಿನ ಬರಬೇಡವೆಂದರು. ಯಾಕೆಂದು ಕೇಳಿದ್ದಕ್ಕೆ, ಸಮವಸ್ತ್ರದ ಹುಡುಗಿಯರನ್ನು ನಿಲ್ಲಿಸುತ್ತಿದ್ದೇವೆ, ನೀನಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದರು.

ಮೂರನೆಯ ದಿನ ಬಂದ ಸಾಬಮ್ಮ ಗೇಟಿನಲ್ಲೇ ನಿಂತುಬಿಟ್ಟರು. ವೀರಗಲ್ಲುಗಳಿಗೆಲ್ಲ ಬೆಳ್ಳಿ ಬಣ್ಣ ಬಳಿದಿದ್ದರು. ಬಾಗಿಲು ಕಿಟಕಿಗೆ ಬಳಿಯುವ ಎಣ್ಣೆ ಬಣ್ಣ! ವೀರರ ಕಣ್ಣಿಗೆ ಕಪ್ಪು, ತುಟಿಗೆ ಕೆಂಪು. ಮಾಚನ ಹೆಸರಿನ ಸಾಲು ಬಣ್ಣದಡಿ ಮುಳುಗಿಹೋಗಿತ್ತು.

“ಹೆಣಕ್ಕ ಶೃಂಗಾರ ಮಾಡಿದಂಗ ಕಾಣ್ತಿತ್ರೀ. ಕಾರ್ಯದರ್ಶಿಗಿ ಕೇಳ್ದೆ, ಏನ್ರೀ ಇದು ಅಂತ. ‘ಹ್ಯಾಂಗ ಹೊಳಿಯಾಕತ್ತಾವ ನೋಡು’ ಅಂದ್ರು.”

ಅವರು ಫೋನ್ ಮಾಡಿದ್ದು ಮಾಸ್ತರರ ಮೊಮ್ಮಗಳು ಮೃದುಲಾಗೆ. ಹಳೆಯ ಶಿಲ್ಪಗಳ ಸಂರಕ್ಷಣೆಯನ್ನೇ ಕಲಿತು, ದೂರದ ಊರಿನಲ್ಲಿ ಅದೇ ಕೆಲಸ ಮಾಡುತ್ತಿರುವ ಹುಡುಗಿ. ಆಕೆ ಹೇಳಿದ್ದು ಒಂದೇ ಮಾತು: “ಆಯಿ, ಯಾರಿಗೂ ಮುಟ್ಟಲಿಕ್ಕೆ ಬಿಡಬ್ಯಾಡ್ರಿ. ನಾ ಭಾನುವಾರ ಬರ್ತೀನಿ. ನಿಧಾನಕ್ಕ ತೆಗದ್ರ ಎಲ್ಲಾ ಬರ್ತದ.”

ನಿಧಾನಕ್ಕೆ ತೆಗೆದಿದ್ದರೆ ಎಲ್ಲವೂ ಬರುತ್ತಿತ್ತು. ಈ ವಾಕ್ಯವನ್ನು ಸಮಿತಿಯ ಬಾಗಿಲ ಮೇಲೆ ಬರೆದು ತೂಗುಹಾಕಬೇಕು. ಆದರೆ ಅಷ್ಟರಲ್ಲಿ ಯಾರೋ ಬೆಳ್ಳಿ ಬಣ್ಣದ ವೀರರ ಫೋಟೊವನ್ನು ಮೊಬೈಲಿನಲ್ಲಿ ಹರಿಬಿಟ್ಟರು. ಊರು ನಕ್ಕಿತು. ಪತ್ರಿಕೆಯವರು ಬಂದಾರೆಂದು ಹೆದರಿದ ಕಾರ್ಯದರ್ಶಿ ಶನಿವಾರ ಬೆಳಗ್ಗೆಯೇ ಇಬ್ಬರು ಕೂಲಿಗಳನ್ನು ಕಳಿಸಿದರು. ಅವರ ಕೈಯಲ್ಲಿ ಕಬ್ಬಿಣದ ತುಕ್ಕು ಉಜ್ಜುವ ಯಂತ್ರ, ಅದರ ತುದಿಯಲ್ಲಿ ಗರಗರ ತಿರುಗುವ ತಂತಿಯ ಬ್ರಷ್.

ಸಾಬಮ್ಮ ಓಣಿಯ ತಿರುವಿಗೆ ಬರುವಾಗಲೇ ಸದ್ದು ಕೇಳಿತು. ಓಡಿದರು. ಮೊದಲ ಕಲ್ಲಿಗೇ ಯಂತ್ರ ಹಚ್ಚಿದ್ದರು. ಮಾಚನ ಕಲ್ಲು ಅದು. ಬೆಳ್ಳಿ ಬಣ್ಣದ ಜೊತೆಗೆ ಕರಿಯ ಕಲ್ಲಿನ ಪುಡಿಯೂ ಹಾರುತ್ತಿತ್ತು. “ನಿಂದರ್ಸೋ, ನಿಂದರ್ಸೋ ಅಂತ ಒದರಿದ್ರೂ ಕೇಳ್ಸಲಿಲ್ಲ ಅವರಿಗಿ. ನನಗ ಬ್ಯಾರೆ ಏನೂ ತೋಚಲಿಲ್ಲ. ಕೈ ಇಟ್ಟೆ.”

ಕೂಲಿ ಹುಡುಗ ಹೌಹಾರಿ ಯಂತ್ರ ಕೈಬಿಟ್ಟ. ಅಂಗೈ ಹರಿದು ರಕ್ತ ಕಲ್ಲಿನ ಮೇಲೆಲ್ಲ ಇಳಿಯಿತು. ಉಳಿದ ಕಲ್ಲುಗಳು ಉಳಿದವು. ಮಾಚನ ಹೆಸರಿನಲ್ಲಿ ಕೈಯಡಿ ಸಿಕ್ಕ ಒಂದಕ್ಷರ ಉಳಿಯಿತು.

ಮುಂದೆ ಏನಾಯಿತು ಗೊತ್ತೇ? ಬಣ್ಣ ಬಳಿಸಿದವರಿಗೆ ಏನೂ ಆಗಲಿಲ್ಲ. ಯಂತ್ರ ಕಳಿಸಿದವರಿಗೂ ಆಗಲಿಲ್ಲ. ಕೈಗೆ ಹೊಲಿಗೆ ಹಾಕಿಸಿಕೊಂಡು ಬಂದ ಸಾಬಮ್ಮನನ್ನು ‘ಕೆಲಸಕ್ಕೆ ಅಡ್ಡಿ ಮಾಡಿದ’ ಕಾರಣಕ್ಕೆ ತೆಗೆದುಹಾಕಿದರು.

ಅವರು ಬರುವುದನ್ನು ಬಿಡಲಿಲ್ಲ. ಬೆಳಗಿನ ಬಸ್ಸಿಗೆ ಬಂದು, ಬ್ಯಾಂಡೇಜು ಕಟ್ಟಿದ ಕೈಯಿಟ್ಟುಕೊಂಡು ಗೇಟಿನ ಹೊರಗೆ ಕೂರುತ್ತಿದ್ದರು. ಮತ್ತೆ ಯಂತ್ರ ಬಂದರೆ ಕಣ್ಣಿಗೆ ಬೀಳಬೇಕಲ್ಲ. ಒಂದು ವಾರ ಕಳೆಯಿತು. ಅವರ ಮಗಳು, ಅಂಗನವಾಡಿ ಕಾರ್ಯಕರ್ತೆ ಪಂಚಶೀಲಾ, ಕೇರಿಯ ಹೆಂಗಸರನ್ನು ಕರೆದುಕೊಂಡು ಬಂದರು. ಅಂದು ಗೇಟಿನ ಮುಂದೆ ನಡೆದ ಮಾತನ್ನು ಓಣಿಯವರು ಇಂದಿಗೂ ಹೇಳುತ್ತಾರೆ.

“ನಮ್ಮವ್ವ ಬ್ಯಾಡಂದ್ರ ಕಲ್ಲೂ ಕೊಟ್ಟುಬಿಡ್ರಿ. ಹೊತಗೊಂಡು ಹೋಗ್ತೀವಿ,” ಎಂದರು ಪಂಚಶೀಲಾ.

“ಹಂಗೆಲ್ಲ ಕೊಡಾಕ ಬರಂಗಿಲ್ಲಮ್ಮ. ಅದು ಸಂಗ್ರಹಾಲಯದ ಆಸ್ತಿ,” ಎಂದರು ಸುದ್ದಿ ಕೇಳಿ ಬಂದಿದ್ದ ಕಾರ್ಯದರ್ಶಿ.

“ಆಸ್ತಿ ಅಂತ ಇವತ್ತು ನೆಪ್ಪಾತೇನ್ರೀ? ಮಷೀನ್ ಹಚ್ಚೋ ದಿನ ಯಾರ ಆಸ್ತಿ ಇತ್ತು?”

ಅಂದು ಸಂಜೆಯೊಳಗೆ ಸಾಬಮ್ಮನನ್ನು ಮತ್ತೆ ಒಳಗೆ ಕರೆದರು. ಕ್ಷಮೆ ಕೇಳಲಿಲ್ಲ.

ಆ ಬೇಸಿಗೆಯಿಡೀ ಮೃದುಲಾ ರಜೆ ಹಾಕಿ ವಾಡೆಯಲ್ಲೇ ಉಳಿದರು. ಹತ್ತಿಯನ್ನು ಔಷಧದಲ್ಲಿ ಅದ್ದಿ ಬಣ್ಣದ ಮೇಲಿಟ್ಟು, ಅದು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಿಂದ ಎಬ್ಬಿಸುವುದನ್ನು ಸಾಬಮ್ಮನಿಗೆ ಕಲಿಸಿದರು. ಉಗುರಗಲದ ಜಾಗಕ್ಕೆ ಒಂದು ಹೊತ್ತು ಹಿಡಿಯುತ್ತಿತ್ತು. ಒಂದು ಮಧ್ಯಾಹ್ನ ಗೇಟಿನಲ್ಲಿ ಒಬ್ಬ ತಲೆ ತಗ್ಗಿಸಿ ನಿಂತಿದ್ದ. ಸೂಪರ್ ಮಾರ್ಕೆಟ್ ಬಳಿ ಬೋರ್ಡು ಬರೆಯುವ ಅಂಗಡಿಯ ತಾರಿಖ್. ಬಣ್ಣ ಬಳಿದವನು ಅವನೇ.

“ಖಾಲಾ, ಖುದಾ ಕಸಮ್ ನಂಗ ಗೊತ್ತಿದ್ದಿಲ್ಲ. ಪೇಂಟ್ ಹೊಡಿ ಅಂದ್ರು, ಹೊಡದೆ. ಈಗ ತೆಗೆಯೋದು ಕಲಸ್ರಿ,” ಎಂದ. ಸಾಬಮ್ಮ ಅವನನ್ನು ಹೊಟ್ಟೆ ತುಂಬ ಬೈದರು. ಬೈದ ಮೇಲೆ ಚಾ ತರಿಸಿ ಕೊಟ್ಟು ಕೈಗೆ ಒಂದು ಬಿದಿರು ಕಡ್ಡಿ ಕೊಟ್ಟರು. ಮಳೆಗಾಲದ ಹೊತ್ತಿಗೆ ಕಲ್ಲುಗಳು ತಮ್ಮ ಮೈಬಣ್ಣಕ್ಕೆ ಮರಳಿದವು.

ಈಗ ಗೇಟಿನಲ್ಲಿ ಕರಿಯ ಗ್ರಾನೈಟಿನ ಹಲಗೆಯೊಂದು ಹೊಳೆಯುತ್ತಿದೆ. ‘ವೀರಗಲ್ಲುಗಳ ಜೀರ್ಣೋದ್ಧಾರ’ ಎಂದು ಮೇಲೆ ಕೆತ್ತಿಸಿದ್ದಾರೆ. ಕೆಳಗೆ ಸಮಿತಿಯವರ ಹೆಸರುಗಳು, ಭೇಟಿ ಕೊಟ್ಟ ದೊಡ್ಡವರ ಹೆಸರು. ಸಾಬಮ್ಮನ ಹೆಸರಿಲ್ಲ. ಮೃದುಲಾ, ತಾರಿಖರ ಹೆಸರೂ ಇಲ್ಲ. ಮಾಚನ ಹೆಸರನ್ನು ಯಂತ್ರ ಹಚ್ಚಿ ಅಳಿಸಿದವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿಕೊಂಡಿದ್ದಾರೆ. ಯಂತ್ರ ಹಚ್ಚಿಸಿದ್ದರ ಬಗ್ಗೆ ನಾನು ಕಾರ್ಯದರ್ಶಿಯವರನ್ನು ಕೇಳಿದೆ. “ಅದೊಂದು ಸಣ್ಣ ಅಚಾತುರ್ಯ, ಉದ್ದೇಶ ಒಳ್ಳೇದಿತ್ತು. ಹಳೇದೆಲ್ಲ ಯಾಕ ಕೆದರ್ತೀರಿ?” ಎಂದರು. ಇತಿಹಾಸದ ಸಂಗ್ರಹಾಲಯ ನಡೆಸುವವರ ಬಾಯಲ್ಲಿ ಈ ಪ್ರಶ್ನೆ!

ಸಾಬಮ್ಮನಿಗೆ ಹಲಗೆಯ ಬಗ್ಗೆ ಸಿಟ್ಟಿಲ್ಲ. ಅದರಲ್ಲಿ ಏನು ಬರೆದಿದೆಯೆಂದು ಅವರು ಯಾರನ್ನೂ ಕೇಳಿಲ್ಲ. ಸಿಟ್ಟು ಇರುವುದು ಕಲ್ಲುಗಳಿಗೆ ನೆರಳಿಲ್ಲದ ಬಗ್ಗೆ. ಅಂಗಳಕ್ಕೆ ಒಂದು ತಗಡು ಹೊದಿಸಿ ಎಂದು ಅವರು ಕೇಳುತ್ತಲೇ ಇದ್ದಾರೆ. ಕಲಬುರಗಿಯ ಬಿಸಿಲಿಗೆ ಕಲ್ಲು ಕಾದು, ಮಳೆ ಬಿದ್ದಾಗ ಪದರ ಪದರ ಏಳುತ್ತದೆಂದು ಮೃದುಲಾ ಬರೆದುಕೊಟ್ಟೂ ಆಗಿದೆ. ಹಲಗೆ ಬಂತು, ತಗಡು ಬರಲಿಲ್ಲ.

ಕಳೆದ ತಿಂಗಳು ಕಮಲಾಪುರದ ಶಾಲೆಯ ಮಕ್ಕಳು ಬಂದಿದ್ದರು. ಕೇರಿಯ ಹುಡುಗಿಯೊಬ್ಬಳು ನುಣ್ಣನೆಯ ಪಟ್ಟಿಯ ಮೇಲೆ ಬೆರಳಾಡಿಸಿ ಇಲ್ಲಿ ಯಾಕೆ ಏನೂ ಬರೆದಿಲ್ಲ ಎಂದು ಕೇಳಿದಳು. ಬರೆದಿತ್ತು, ಕೆರೆದು ತೆಗೆದರು ಎಂದು ಸಾಬಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಮಾಚನ ಕತೆಯನ್ನೂ ಹೇಳಿದರು. ಮಕ್ಕಳು ಹೋಗುವಾಗ ಅವನ ಹೆಸರನ್ನು ಕೂಗುತ್ತಾ ಓಣಿ ದಾಟಿದರಂತೆ.

ನಿಮಗೆ ಏನಾಗಬೇಕು ಎಂದು ಹೊರಡುವ ಮುನ್ನ ಕೇಳುತ್ತೇನೆ. ಕೈಯಲ್ಲಿದ್ದ ಬಟ್ಟೆಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

“ನನಗೇನೂ ಬ್ಯಾಡ್ರೀ. ದೊಡ್ಡ ಮಂದಿ ಬರಲಿ, ಫೋಟೊ ತಕ್ಕೊಳ್ಳಲಿ, ಹಾರ ಹಾಕ್ಕೊಳ್ಳಲಿ. ಕಲ್ಲಿಗಿ ಕೈ ಹಚ್ಚೋ ಮೊದಲ ನನಗೊಂದು ಮಾತು ಕೇಳ್ರಿ ಅಂತ ಬರೀರಿ. ಅಷ್ಟ ಸಾಕು.”