ಶಮಶೇರನ ಲವಂಗದ ಚೀಲ

ಬ್ರಿಟಿಷರ ಕಾಲದಲ್ಲಿ ಗೋಕಾಕದ ಶಮಶೇರ ಹೊಲ ಮಾರಿ ಆಫ್ರಿಕದ ಜಾಂಜಿಬಾರದಲ್ಲಿ ಲವಂಗದ ವಖಾರಿ ಹಾಕಿದ್ದ. ಹಿಂದೂಸ್ತಾನದವರನ್ನು ಲವಂಗದ ವ್ಯಾಪಾರದಿಂದ ಹೊರದಬ್ಬುವ ಸುಡುಗಾಡು ಕಾಯ್ದೆ ಅಲ್ಲಿ ಬಂದಾಗ, ಉಳಿದ ಕೆಲವು ಚೀಲ ಲವಂಗದೊಂದಿಗೆ ಊರಿಗೆ ಮರಳಿದ. ನಮ್ಮ ಸರಕಾರ ಬರೀ ಕಾಗದ ಬರೆಯುತ್ತ ಕುಳಿತಿತು. ಕಡೆಗೆ ಜನರೇ ಸಿಟ್ಟಿಗೆದ್ದು, ಆ ದೇಶದ ಲವಂಗ ಮುಟ್ಟುವುದಿಲ್ಲವೆಂದು ಹಟ ಹಿಡಿದರು.

ಶಮಶೇರ ಒಂದು ಚೀಲ ಹೊತ್ತು ಗೆಳೆಯ ರಾಚಪ್ಪನ ಕಿರಾಣಿ ಅಂಗಡಿಗೆ ಬಂದ.

"ತಗೊಳ್ಳೊ ರಾಚಪ್ಪಾ, ಮನ್ಯಾಗ ಒಲಿ ಹೊತ್ತಿಲ್ಲ."

"ನಿನ್ನಂಥವರ ಸಲುವಾಗೇ ಲವಂಗ ಬಿಟ್ಟೇವೋ ಮಾರಾಯಾ! ನಾನು ತಗೊಂಡ್ರ ಮಂದಿ ಮಾರಿಗೆ ಉಗಳ್ತಾರ."

"ನನ್ನ ಸಲುವಾಗಿ ನನ್ನನ್ನ ಕೊಲ್ತೀರೇನೊ?"

ರಾಚಪ್ಪ ಎಲೆಯಡಿಕೆ ಮಡಚಿ, ಲವಂಗದ ಬದಲು ಕಡ್ಡಿ ಚುಚ್ಚಿ ಕೊಟ್ಟ. ಶಮಶೇರ ಅದನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು, ಚೀಲವನ್ನು ಮತ್ತೆ ಹೆಗಲಿಗೇರಿಸಿದ.